ಚೆಲ್ಲದ ಮದ್ದು

"ಅಪ್ಪಾವರೇ, ಸ್ವಲ್ಪದರಲ್ಲೇ ಆಗುವ ಕೆಲಸಕ್ಕೆ ಬಹಳವನ್ನು ಯಾಕೆ ಸುರಿಯಬೇಕು?"

ಮುರಿಗೆಪ್ಪ ಈ ಪ್ರಶ್ನೆಯನ್ನು ಮೂರು ದಿನ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ. ಮಠಕ್ಕೆ ಬಂದು ಆರು ವರ್ಷವಾಗಿತ್ತು. ಈಗ ಅವನಿಗೆ ಬೆಟ್ಟದ ಗವಿಯಲ್ಲಿ ಒಬ್ಬನೇ ಇರುವ ಆಸೆ ಹತ್ತಿತ್ತು. ಮಠದಲ್ಲಿ ಪಾಠ ಹೇಳುವಾಗ ಒಂದು ಸಾಲು ಬಿಟ್ಟರೆ ಹಿರಿಯರು ತಡೆಯುತ್ತಿದ್ದರು. ದಾಸೋಹದಲ್ಲಿ ಮುಖ ಗಂಟಿಕ್ಕಿಕೊಂಡು ಬಡಿಸಿದರೆ ಅಡುಗೆಯ ಈರವ್ವ ಯಾಕೆಂದು ಪಂಕ್ತಿಯ ಮುಂದೆಯೇ ಕೇಳುತ್ತಿದ್ದಳು. ಹೀಗೆ ಹತ್ತು ಜನರ ನಡುವೆ ಹತ್ತು ದಿನದಲ್ಲಿ ಆಗದ್ದು, ಗವಿಯಲ್ಲಿ ಒಂದೇ ದಿನದಲ್ಲಿ ಆಗುತ್ತದೆಂದು ಅವನ ನಂಬಿಕೆ. ಅದನ್ನೂ ಗುರುಗಳಿಗೆ ಹೇಳಿ, ಹೋಗಲು ಅಪ್ಪಣೆ ಕೇಳಿದ.

ಗುರುಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ಕಾಡತೂಸಿಗೆ ಮದ್ದು ತುಂಬುವುದನ್ನು ನೋಡಿದ್ದೀಯಾ?" ಎಂದು ಕೇಳಿದರು.

ಮುರಿಗೆಪ್ಪ ಇಲ್ಲವೆಂದು ತಲೆಯಾಡಿಸಿದ. ವಿಭೂತಿ ಹಚ್ಚಿದ ಹಣೆಗೂ ಬಂದೂಕಿನ ಮದ್ದಿಗೂ ಎಲ್ಲಿಯ ನಂಟು ಎಂದು ಅವನಿಗೆ ಕುತೂಹಲವಾಯಿತು. ಇನ್ನಷ್ಟು ಹತ್ತಿರ ಸರಿದು ಕುಳಿತ.

"ಸನ್ಯಾಸಿಗೆ ಯಾಕೆ ಈ ಉಸಾಬರಿ ಅನ್ನಬೇಡ. ಕೇಳು" ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗುರಿಕಾರನಿದ್ದ. ಅವನಿಗೊಬ್ಬಳು ಮಗಳು. ತಂದೆಯದು ಬಂದೂಕು, ಮಗಳದು ಪಿಸ್ತೂಲು. ಇಬ್ಬರೂ ಹೊಡೆಯುತ್ತಿದ್ದುದು ಗುರಿಹಲಗೆಗೆ, ಪ್ರಾಣಿಗಲ್ಲ. ಗುರಿ ಕೂಡಬೇಕಾದರೆ ಸಾವಿರಾರು ಕಾಡತೂಸು ಬೇಕು. ಅಂಗಡಿಯಿಂದ ತರುತ್ತಾ ಕುಳಿತರೆ ಮನೆಯೇ ಮಾರಬೇಕು. ಆದ್ದರಿಂದ ಹೊಡೆದು ಬಿದ್ದ ಖಾಲಿ ಕೋಶಗಳನ್ನು ಆರಿಸಿ ತಂದು, ಮದ್ದು ಹಾಕಿ, ಗುಂಡು ಕೂರಿಸಿ, ಮತ್ತೆ ಬಳಸುತ್ತಿದ್ದ. ಮೂವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದ.

ಅವನು ಮಹಾ ಹಿಡಿತದ ಮನುಷ್ಯ. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ಅವನ ಊಟಕ್ಕೆ ಮೊದಲಿನ ಮಾತು, ಊಟದ ನಂತರದ ಮಾತು. ಅವನಿಗೆ ಒಂದೇ ಕೊರಗು. ಬಂದೂಕಿಗೆ ಒಂದು ಮದ್ದು, ಪಿಸ್ತೂಲಿಗೆ ಇನ್ನೊಂದು ಮದ್ದು ತರಬೇಕಿತ್ತು. ಪಿಸ್ತೂಲಿನ ಮದ್ದಂತೂ ಹೊಟ್ಟೆಬಾಕ. ಕೋಶದ ಬಾಯಿಯವರೆಗೆ ತುಂಬಿದರೇ ಅದಕ್ಕೆ ಸಮಾಧಾನ.

ಒಮ್ಮೆ ವ್ಯಾಪಾರಿ ಹೊಸ ಮದ್ದಿನ ಡಬ್ಬಿ ತೋರಿಸಿದ.

"ಬಂದೂಕಿಗೂ ಇದ, ಪಿಸ್ತೂಲಿಗೂ ಇದ. ಆ ಮದ್ದು ಮೂರು ಡಬ್ಬಿ ಖರ್ಚಾಗೂ ಕಡೆ ಇದು ಒಂದ ಸಾಕು."

ಗುರಿಕಾರ ಸುಮ್ಮನೆ ನಂಬುವವನಲ್ಲ. ಮನೆಗೆ ತಂದು ಚಿಕ್ಕ ತಕ್ಕಡಿಯಲ್ಲಿ ತೂಗಿದ. ಮದ್ದಿನ ಪುಸ್ತಕದಲ್ಲಿ ಹೇಳಿದ ತೂಕ ನೋಡಿದ. ಅದಕ್ಕಿಂತ ಒಂದು ಕಾಳು ಹೆಚ್ಚು ಹಾಕಲಿಲ್ಲ, ಒಂದು ಕಾಳು ಕಡಿಮೆ ಹಾಕಲಿಲ್ಲ. ಹೊಡೆದು ನೋಡಿದ. ಗುಂಡು ಹೋಗಬೇಕಾದಲ್ಲಿಗೆ ಹೋಯಿತು. ವ್ಯಾಪಾರಿ ಹೇಳಿದ್ದು ನಿಜವಾಗಿತ್ತು. ಇಷ್ಟು ವರ್ಷ ಇದನ್ನು ಕಾಣದೆ ಹೋದೆನಲ್ಲ ಎಂದು ಹಣೆ ಚಚ್ಚಿಕೊಂಡ.

ಇನ್ನೊಂದು ಸಂತೋಷವೂ ಅವನಿಗಿತ್ತು. ಹಳೆಯ ಮದ್ದು ತುಂಬುವಾಗ ಆಗಾಗ ಚೆಲ್ಲುತ್ತಿತ್ತು. ಐವತ್ತು ಕೋಶಗಳನ್ನು ತೂತಿನ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ ಒಂದೊಂದಕ್ಕೇ ಹಾಕುತ್ತಾ ಹೋಗುವುದು ಅವನ ಪದ್ಧತಿ. ನಡುವೆ ಯಾರಾದರೂ ಕರೆದರೆ ಎದ್ದು ಹೋಗಿ ಬರುತ್ತಿದ್ದ. ಬಂದು ಮುಂದುವರಿಸಿದರೆ ಒಮ್ಮೊಮ್ಮೆ ಮದ್ದು ಮೇಜಿನ ಮೇಲೆಲ್ಲ ಹರಡುತ್ತಿತ್ತು. ಆಗ ಮದ್ದಿನ ಜನ್ಮ ಜಾಲಾಡಿಬಿಡುತ್ತಿದ್ದ. ಹೊಸ ಮದ್ದು ಬಂದು ಮೂರು ತಿಂಗಳಾಯಿತು. ಒಂದು ದಿನವೂ ಮೇಜಿಗೆ ಒಂದು ಕಾಳು ಬೀಳಲಿಲ್ಲ. "ಈಗ ನನ್ನ ಕೈ ತಪ್ಪುವುದೇ ಇಲ್ಲ" ಎಂದು ಹೆಂಡತಿಯ ಮುಂದೆ, ಮಗಳ ಮುಂದೆ ಹೇಳಿಕೊಂಡು ತಿರುಗಿದ.

ಮಗಳು ಎರಡು ವರ್ಷ ಕಾದಿದ್ದ ಪಂದ್ಯ ಬಂತು. ತಂದೆ ಹೊಸ ಡಬ್ಬಿಯೊಂದನ್ನು ತಂದು ವಾರವಿಡೀ ಅವಳಿಗಾಗಿ ತುಂಬಿದ. ಪಂದ್ಯದ ದಿನ ಅವಳು ಬೆಳಿಗ್ಗೆಯೇ ಕಾಡತೂಸಿನ ಪೆಟ್ಟಿಗೆ ತೆಗೆದುಕೊಂಡು ಪಕ್ಕದ ಊರಿಗೆ ಹೊರಟಳು. ಅವಳು ಹೋದ ಮೇಲೆ ಅವನು ಡಬ್ಬಿಯಲ್ಲಿ ಉಳಿದದ್ದನ್ನು ತುಂಬಲು ಕುಳಿತ. ಡಬ್ಬಿಗೆ ಹತ್ತು ಹಲಗೆ ಎಂಬುದು ಅವನ ಲೆಕ್ಕ. ಹತ್ತನೆಯ ಹಲಗೆಯಲ್ಲಿ ಮೂರು ಕೋಶ ಖಾಲಿ ಉಳಿದವು. ಮದ್ದು ಮುಗಿದಿತ್ತು.

ಬೇರೆಯವನಾಗಿದ್ದರೆ ಮೂರೇ ತಾನೇ ಎಂದು ಕೈ ಕೊಡವಿ ಏಳುತ್ತಿದ್ದ. ಇವನು ಏಳಲಿಲ್ಲ. ವ್ಯಾಪಾರಿ ಮೋಸ ಮಾಡಿದನೇ ಎಂದು ನೋಡಿದ. ಡಬ್ಬಿ ತಂದ ದಿನವೇ ತಾನು ತೂಗಿದ್ದ, ತೂಕ ಸರಿಯಾಗಿತ್ತು. ಅಳತೆಯ ಚಮಚದಲ್ಲಿ ದೋಷವಿದೆಯೇ ಎಂದು ನೋಡಿದ. ಇರಲಿಲ್ಲ. ಮೇಜಿನ ಕೆಳಗೆ ಬಗ್ಗಿದ, ಕಸಬರಿಗೆ ತಂದು ನೆಲ ಗುಡಿಸಿದ. ಒಂದು ಕಾಳೂ ಸಿಗಲಿಲ್ಲ. ಇಲಿ ಎಲ್ಲವನ್ನೂ ತಿನ್ನುತ್ತದೆ, ಮದ್ದು ತಿನ್ನುವುದಿಲ್ಲ. ಹಾಗಾದರೆ ಮದ್ದು ಎಲ್ಲಿ ಹೋಯಿತು?

ಹೆಂಡತಿ ಒಳಗಿನಿಂದಲೇ ಕೇಳಿದಳು. "ಮೇಜಿನ ಮ್ಯಾಲ ಇಲ್ಲ, ನೆಲದ ಮ್ಯಾಲ ಇಲ್ಲ ಅಂದ್ರ ನೀವು ತುಂಬಿದ್ರಾಗ ಇರಬೇಕಲ್ಲ?"

ಗುರಿಕಾರ ಹಲಗೆಯನ್ನು ಹತ್ತಿರ ಎಳೆದುಕೊಂಡ. ಒಂದು ಕೋಶವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಒಳಗೆ ನೋಡಿದ. ಹೊಸ ಮದ್ದು ತಳದಲ್ಲಿ ಎಲ್ಲೋ ಇತ್ತು. ಇನ್ನೊಂದು ಅಳತೆ ಹಾಕಿದರೂ ಅದು ಬಾಯಿಗೆ ಬರುವಂತಿರಲಿಲ್ಲ. ಈ ಡಬ್ಬಿಯಲ್ಲಿ ಮೂರು ಸಲ, ಎದ್ದು ಹೋಗಿ ಬಂದಾಗ, ಅವನು ತುಂಬಿದ ಕೋಶಕ್ಕೇ ಮತ್ತೆ ತುಂಬಿದ್ದ. ಮೊದಲೂ ಅದನ್ನೇ ಮಾಡುತ್ತಿದ್ದ. ಮೊದಲು ಚೆಲ್ಲುತ್ತಿತ್ತು, ಈಗ ಚೆಲ್ಲುತ್ತಿರಲಿಲ್ಲ. ಎರಡು ಪಟ್ಟು ಮದ್ದು ತುಂಬಿದ ಕಾಡತೂಸು ಸಿಡಿದರೆ ಗುಂಡು ಮಾತ್ರ ಹೋಗುವುದಿಲ್ಲ. ಪಿಸ್ತೂಲು ಹೋಗುತ್ತದೆ, ಹಿಡಿದ ಕೈಯೂ ಹೋಗುತ್ತದೆ.

ಪಂದ್ಯದ ಮೈದಾನದೊಳಗೆ ಮಗಳು ಫೋನು ಒಯ್ಯುವಂತಿರಲಿಲ್ಲ. ಕಾಲಿಗೆ ಚಪ್ಪಲಿ ಇಲ್ಲ, ಅಂಗಿಗೆ ಗುಂಡಿ ಇಲ್ಲ, ಹೊರಟಿದ್ದ ಹಾಲಿನ ಗಾಡಿ ಹತ್ತಿದ.

"ಅಪ್ಪಾವರೇ, ಮಗಳ ಕೈ..." ಎಂದ ಮುರಿಗೆಪ್ಪ. ಅವನಿಗೆ ಗವಿ ಮರೆತೇ ಹೋಗಿತ್ತು.

"ಉಳಿಯಿತು" ಎಂದರು ಗುರುಗಳು.

ಅವಳ ಸರದಿಗೆ ಮುಂಚೆ ಇನ್ನೊಬ್ಬರಷ್ಟೇ ಇದ್ದರು. ತಂದೆ ಬಂದವನೇ ಪೆಟ್ಟಿಗೆ ಕಸಿದುಕೊಂಡ. ಬೇರೆಯವರ ಕಾಡತೂಸು ಅವಳ ಪಿಸ್ತೂಲಿಗೆ ಹೊಂದುತ್ತಿರಲಿಲ್ಲ. ಹೊಡೆಯದೆಯೇ ಅವಳ ಪಂದ್ಯ ಮುಗಿಯಿತು. ಇಬ್ಬರೂ ಮನೆಗೆ ಬಂದರು. ಮಧ್ಯಾಹ್ನದಿಂದ ತಂದೆ ಒಂದೊಂದೇ ಕಾಡತೂಸನ್ನು ಬಿಚ್ಚತೊಡಗಿದ. ಸ್ವಲ್ಪ ಹೊತ್ತು ನೋಡಿ ಅವಳೂ ಬಂದು ಕುಳಿತಳು. ಇಬ್ಬರೂ ಮೂರು ದಿನ ಬಿಚ್ಚಿದರು. ಎರಡು ಪಟ್ಟು ತುಂಬಿದವು ಮನೆಯಲ್ಲಿ ಉಳಿದಿದ್ದವುಗಳಲ್ಲಿ ಎರಡು ಸಿಕ್ಕವು. ಮೂರನೆಯದು ಅವಳು ಒಯ್ದಿದ್ದ ಪೆಟ್ಟಿಗೆಯಲ್ಲಿತ್ತು. ಅದು ಅವಳ ಕೈಗೇ ಸಿಕ್ಕಿತು. ಮದ್ದನ್ನು ತಟ್ಟೆಗೆ ಸುರಿದು ತಂದೆಯ ಮುಂದೆ ಸರಿಸಿದಳು.

"ಅಪ್ಪಾ, ಕೈ ತಪ್ಪೂದಿಲ್ಲ ಅಂತಿದ್ದಿ" ಎಂದಳು.

ತಂದೆಗೆ ನಾಚಿಕೆಯಾಯಿತು. ಅಷ್ಟೇ ಆಗಿದ್ದರೂ ಸಾಕಿತ್ತು, ಅವನಿಗೆ ಅಳುವೂ ಬಂತು.

ಮುಂದಿನ ವಾರ ಅವನು ಪಿಸ್ತೂಲಿಗೆ ಹಳೆಯ ಮದ್ದನ್ನೇ ಕೇಳಿದ. ವ್ಯಾಪಾರಿ ನಕ್ಕ. "ಒಂದು ಡಬ್ಬಿಯೊಳಗ ಮುಗಿಯೂ ಕೆಲಸಕ್ಕ ಮೂರು ಒಯ್ಯತಿಯಲ್ಲೋ ಮಾರಾಯ."

"ಒಂದು ಗುಂಡಿಗ, ಎರಡು ನನಗ" ಎಂದು ಗುರಿಕಾರ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡ.

ಕತೆ ಅಲ್ಲಿಗೆ ನಿಂತಿತು. ಮುರಿಗೆಪ್ಪ ಯೋಚಿಸಿದ. ಅವನಿಗೆ ಒಂದು ಸಂದು ಕಾಣಿಸಿತು. "ಅವನು ಎಚ್ಚರದಿಂದ ಇದ್ದಿದ್ದರೆ ಹೊಸ ಮದ್ದೇ ನಡೆಯುತ್ತಿತ್ತಲ್ಲ, ಅಪ್ಪಾವರೇ? ಎಷ್ಟೋ ಜನ ಅದನ್ನೇ ಬಳಸುತ್ತಿರಬಹುದು."

"ಬಳಸುತ್ತಾರೆ. ನಡೆಯುತ್ತದೆ. ಆ ಮೂರು ತಿಂಗಳು ಅವನೂ ಎಚ್ಚರವಾಗಿದ್ದೇನೆ ಎಂದೇ ತಿಳಿದಿದ್ದ."

ದಾಸೋಹದ ಕಡೆಯಿಂದ ಈರವ್ವ ಯಾರನ್ನೋ ಗದರುವುದು ಕೇಳಿಸಿತು. ಮುರಿಗೆಪ್ಪ ಆ ಕಡೆ ನೋಡಿ, ಮತ್ತೆ ಗುರುಗಳ ಮುಖ ನೋಡಿದ. ಹೋಗು ಅನ್ನುತ್ತಾರೋ ಬೇಡ ಅನ್ನುತ್ತಾರೋ ಎಂದು ಕಾದ.

ಗುರುಗಳು ಕೇಳಿದರು: "ಗವಿಯಲ್ಲಿ ನೀನು ಎರಡು ಸಲ ತುಂಬಿದರೆ, ಮುರಿಗೆಪ್ಪ, ಯಾರ ಮೇಜಿನ ಮೇಲೆ ಚೆಲ್ಲುತ್ತದೆ?"