ಮಂದಣ್ಣನ ಬೆಂಕಿಚೆಂಡು ಗೆಡ್ಡೆಗಳು

ಕುರುಚಲು ಕಾಡಿನ ನಡುವೆ ಒಂದು ಪುಟ್ಟ ಕೊಳ. ಅದರ ದಂಡೆಯಲ್ಲಿ ಚುರುಕಿ ಎಂಬ ಮೊಲ ವಾಸವಾಗಿತ್ತು. ಪಕ್ಕದ ಬಿಲದಲ್ಲಿ ಮಂದಣ್ಣ ಎಂಬ ಮುದಿ ಆಮೆ.

ಚುರುಕಿಯ ಮನಸ್ಸು ಬೆಣ್ಣೆ, ಮಕ್ಕಳೇ. ಯಾರಾದರೂ ಒಂದು ಸಲ ಸೀನಿದರೆ ಸಾಕು, ತುಳಸಿ ಎಲೆ ಕಚ್ಚಿಕೊಂಡು ಓಡಿಬರುವಳು. ಆದರೆ ಬೇಕೋ ಬೇಡವೋ ಎಂದು ಕೇಳುವ ಅಭ್ಯಾಸ ಮಾತ್ರ ಇರಲಿಲ್ಲ. ಒಮ್ಮೆ ಅಳಿಲಿನ ಮರಿಗೆ ಚಳಿಯಾದೀತೆಂದು ಎಲೆ ಹೊದಿಸಿ ಹೊದಿಸಿ, ಪಾಪ, ಅದು ಉಸಿರು ಕಟ್ಟಿ ಕಿರುಚಿಕೊಂಡಿತ್ತು.

ಮಂದಣ್ಣನ ಅಂಗಳದ ಮಣ್ಣಿನಲ್ಲಿ ಬೆಂಕಿಚೆಂಡು ಹೂವಿನ ಮೂರು ಅಪರೂಪದ ಗೆಡ್ಡೆಗಳಿದ್ದವು. ತೀರಿಹೋದ ಅವನ ಹೆಂಡತಿ ನೆಟ್ಟವು. ವೈಶಾಖದ ಕೊನೆಗೆ, ಉಳಿದ ಹೂಗಳೆಲ್ಲ ಬಾಡಿದ ಮೇಲೆ, ಬರೀ ದಂಟಿನ ತುದಿಯಲ್ಲಿ ಕೆಂಡದಂಥ ದುಂಡು ಹೂ ಅರಳುತ್ತಿತ್ತು.

ಬೇಸಿಗೆ ನಿದ್ದೆಗೆ ಹೊರಟ ಮಂದಣ್ಣ ಹೇಳಿದ: "ಚುರುಕಿ, ಗೆಡ್ಡೆ ನೋಡಿಕೊಳ್ಳಮ್ಮ. ಎಲೆ ಉದುರಿದೆ, ಅವೂ ಮಲಗಿವೆ. ಮಳೆ ಬರುವತನಕ ನೀರು ಹಾಕಬೇಡ."

"ನಿಶ್ಚಿಂತೆಯಿಂದ ಮಲಗು ಮಾವ!" ಎಂದಳು ಚುರುಕಿ.

ನಾಲ್ಕೇ ದಿನ. ಬಿಸಿಲಿಗೆ ನೆಲ ಬಿರಿಯಿತು. 'ಅಯ್ಯೋ, ಬಾಯಾರಿ ಸಾಯುತ್ತಿವೆಯೇನೋ! ಮಾವನಿಗೆ ಈ ಬಿಸಿಲು ಏನು ಗೊತ್ತು?' ಎಂದುಕೊಂಡಳು. ತಾವರೆ ಎಲೆಯ ದೊನ್ನೆಯಲ್ಲಿ ಬೆಳಿಗ್ಗೆ ನೀರು, ಸಂಜೆ ನೀರು. ಕಾಲು ನೋಯುತ್ತಿದ್ದರೂ ಒಂದು ದಿನವೂ ತಪ್ಪಿಸಲಿಲ್ಲ.

ಒಂದು ದಿನ ಗೊಟರಪ್ಪ ಕಪ್ಪೆ ಮೂಗು ಮುಚ್ಚಿಕೊಂಡು ಬಂದ. "ಏನೇ ಇದು ನಾತ?"

ಚುರುಕಿ ಮಣ್ಣು ಕೆದಕಿದಳು. ಒಂದು ಗೆಡ್ಡೆ ಅಂಬಲಿಯಾಗಿತ್ತು. ಎರಡನೆಯದೂ ಹಾಗೆಯೇ. ಇಳಿಜಾರಿನಲ್ಲಿದ್ದ ಮೂರನೆಯದು ಮಾತ್ರ, ನೀರು ನಿಲ್ಲದೆ, ಇನ್ನೂ ಗಟ್ಟಿಯಾಗಿತ್ತು.

"ನಾನೇ ಕೊಂದೆ," ಎಂದು ಬಿಕ್ಕಿದಳು. "ಈಗ ಇದಕ್ಕೇನು ಮಾಡಲಿ? ಬೂದಿ ಹಾಕಲೇ? ನೆರಳು ಕಟ್ಟಲೇ?"

"ಮಣ್ಣು ಮುಚ್ಚಿ ಸುಮ್ಮನೆ ಕೂರು," ಎಂದ ಗೊಟರಪ್ಪ.

ಸುಮ್ಮನೆ ಕೂರುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದರೆ, ಕಾಲು ತಾನಾಗಿ ಕೊಳದ ಕಡೆ ಓಡುತ್ತಿತ್ತು. ಅರ್ಧ ದಾರಿಗೆ ಹೋಗಿ ಹಿಂದಿರುಗುತ್ತಿದ್ದಳು. ಹೀಗೆ ಎರಡು ತಿಂಗಳು.

ವೈಶಾಖದಲ್ಲಿ ಗುಡುಗಿ ಮಳೆ ಸುರಿಯಿತು. ಎಂಟು ದಿನಕ್ಕೆ ದಂಟು ಎದ್ದಿತು. ಮತ್ತೆರಡು ದಿನಕ್ಕೆ ಕೆಂಪು ಚೆಂಡು ಅರಳಿತು.

ಮಂದಣ್ಣ ಮಣ್ಣು ಕೊಡವುತ್ತ ಹೊರಬಂದ. ಒಂದೇ ಹೂ! ಚುರುಕಿ ಕಿವಿ ಇಳಿಬಿಟ್ಟು ಎಲ್ಲವನ್ನೂ ಹೇಳಿದಳು. "ಪ್ರೀತಿಯಿಂದಲೇ ನೀರು ಹಾಕಿದೆ ಮಾವ."

ಮಂದಣ್ಣ ಖಾಲಿ ಗುಂಡಿಗಳ ಮೇಲೆ ಮೆಲ್ಲಗೆ ಕೈಯಾಡಿಸಿದ. ಆಮೇಲೆ ಹೇಳಿದ: "ನಿನ್ನ ಪ್ರೀತಿ ಸುಳ್ಳಲ್ಲ ಮಗಳೇ. ಆದರೆ ಬಾಯಾರಿದ್ದು ಗೆಡ್ಡೆಗಲ್ಲ, ನಿನ್ನ ಮನಸ್ಸಿಗೆ."

ಹೂ ಮುಗಿದ ಮೇಲೆ ಗೆಡ್ಡೆಯ ಬದಿಯಲ್ಲಿ ಒಂದು ಮರಿಗೆಡ್ಡೆ ಸಿಕ್ಕಿತು. ಮಂದಣ್ಣ ಅದನ್ನು ಚುರುಕಿಯ ಅಂಗಳದಲ್ಲೇ ನೆಟ್ಟ.

ಚುರುಕಿ ಅದರ ಮುಂದೆ ಕುಳಿತು, ಜೀವನದಲ್ಲಿ ಮೊದಲ ಸಲ ಕೇಳಿದಳು: "ಮಾವ, ಇದಕ್ಕೆ ಏನು ಬೇಕು?"

ನೀತಿ: ಪ್ರೀತಿಸಿದರಷ್ಟೇ ಸಾಲದು, ಪ್ರೀತಿಸಿದವರಿಗೆ ಬೇಕಾದ್ದೇನೆಂದು ತಿಳಿದು ನಡೆಯಬೇಕು.