ಗಂಟಿನಲ್ಲಿ ಕಡಿಮೆ ಬಿದ್ದ ಖಣ

ಗುಳೇದಗುಡ್ಡದ ಪೇಟೆಯಲ್ಲಿ ಈರಸಂಗಪ್ಪ ಎಂಬ ಖಣದ ವ್ಯಾಪಾರಿ ಇದ್ದ. ಖಣ ಅಂದರೆ ಹೆಂಗಸರ ಕುಬಸದ, ರವಿಕೆಯ ಬಟ್ಟೆ. ಎರಡು ಬೆರಳ ನಡುವೆ ಹಿಡಿದರೆ ಸಾಕು, ನೂಲು ಎಂಥದು, ಬಣ್ಣ ನಿಲ್ಲುತ್ತದೋ ಬಿಡುತ್ತದೋ ಹೇಳಿಬಿಡುತ್ತಿದ್ದ. ಎಪ್ಪತ್ತು ದಾಟಿದ ಮೇಲೆ ಅಂಗಡಿಯ ಗಾದಿಯನ್ನು ಸೊಸೆಗೆ ಬಿಟ್ಟುಕೊಟ್ಟು ಮನೆಯ ಪಡಸಾಲೆಯಲ್ಲಿ ಕುಳಿತ. ಸೊಸೆ ಅವನಿಗಿಂತ ಚುರುಕು, ಹಾಗಾಗಿ ಅಂಗಡಿಯ ಚಿಂತೆ ಇರಲಿಲ್ಲ. ಕೈಗೆ ಕೆಲಸವಿಲ್ಲದ ಮನುಷ್ಯನನ್ನು ಹಳೆಯ ದಿನಗಳು ಹುಡುಕಿಕೊಂಡು ಬರುತ್ತವೆ. ಅವನಿಗೂ ಬಂದವು.

ಅಂಥದೊಂದು ಬೆಳಿಗ್ಗೆ ಅಂಗಳದಲ್ಲಿ ಎತ್ತಿನ ಕೊರಳ ಗಂಟೆ ಕೇಳಿಸಿತು. ಹೆಳವರ ಸಿದರಾಯ ಬಂದಿದ್ದ. ಹೆಳವರು ಅಂದರೆ ಮನೆತನಗಳ ವಂಶಾವಳಿ ಹೇಳುವವರು. ಕೆಲವು ವರ್ಷಕ್ಕೊಮ್ಮೆ ಗಾಡಿ ಕಟ್ಟಿಕೊಂಡು ಬಂದು, ಆ ಮನೆಯ ಹಿರಿಯರ ಹೆಸರುಗಳನ್ನು ಮೊದಲಿನಿಂದ ಬಾಯಲ್ಲೇ ಒಪ್ಪಿಸಿ, ಕಾಳುಕಡಿ, ಬಟ್ಟೆ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಅಂಗಡಿಯಲ್ಲಿದ್ದಷ್ಟು ಕಾಲ ಈರಸಂಗಪ್ಪ ಇದನ್ನು ಒಮ್ಮೆಯೂ ಪೂರ್ತಿ ಕೇಳಿದವನಲ್ಲ. "ಕೊಡೋದು ಕೊಟ್ಟು ಕಳಸ್ರಿ" ಎಂದು ಹೇಳಿಕಳಿಸುತ್ತಿದ್ದ. ಈ ಸಲ ಕಂಬಕ್ಕೆ ಒರಗಿ ಕುಳಿತು ಕೇಳಿದ.

ಸಿದರಾಯ ಕಣ್ಣು ಮುಚ್ಚಿ ಶುರು ಮಾಡಿದ. "ಮೂಲಪುರುಷ ಬಾಳಪ್ಪ, ಬರದಾಗ ಹೊಳಿ ದಾಟಿ ಬಂದು ಈ ಗುಡ್ಡದ ಬುಡಕ ಮಗ್ಗ ಹೂಡಿದಾಂವ. ಬಾಳಪ್ಪನ ಮಗ ಚನ್ನವೀರಪ್ಪ, ಬಾವಿ ತೋಡಿಸಿ ಓಣಿಗೆ ಬಿಟ್ಟಾಂವ. ಚನ್ನವೀರಪ್ಪನ ಮಗ ನಾಗಪ್ಪ, ಹೊಲದ ಜಗಳದಾಗ ಒಡಹುಟ್ಟಿದ ತಮ್ಮನ ಎದುರು ನಿಂತು ಖರೇ ಸಾಕ್ಷಿ ಹೇಳಿದಾಂವ. ನಾಗಪ್ಪನ ಮಗ ಪರಪ್ಪ. ಪರಪ್ಪನ ಮಗ ಈರಸಂಗಪ್ಪ."

"ತಡೀ," ಅಂದ ಈರಸಂಗಪ್ಪ. "ಎಲ್ಲಾರಿಗೂ ಒಂದೊಂದು ಮಾತು ಹಚ್ಚಿದಿ. ನಮ್ಮಪ್ಪಗ?"

"ಇಲ್ರಿ ಸಾವ್ಕಾರ್ರ. ಅದು ಖಾಲಿ ಐತಿ."

"ಖಾಲಿ ಅಂದ್ರ? ನಾ ಹೇಳ್ತೀನಿ, ಹಚ್ಚು."

"ನಿಮ್ಮ ಮಾತು ನಡ್ಯಾಂಗಿಲ್ರಿ. ನಮ್ಮನಿ ಪದ್ಧತಿ ಹಂಗೈತಿ. ಸತ್ತಾಂವನ ಹೆಸರಿಗೆ ಮನಿಯವರು ಹೇಳಿದ್ದು ಕಟ್ಟಂಗಿಲ್ಲ. ಮನಿಯವರು ಒಂದೋ ಹೊಗಳ್ತಾರ, ಇಲ್ಲಾ ಬೈತಾರ. ಹೊರಗಿನವರು ಹೇಳಬೇಕು. ನಿಮ್ಮಪ್ಪ ತೀರಿಕೊಂಡಾಗ ನಮ್ಮಪ್ಪ ನಿಮ್ಮ ಪೇಟ್ಯಾಗ ಕೇಳಿದ್ದ."

"ಏನಂದ್ರು?"

ಸಿದರಾಯ ಎತ್ತಿನ ಕೊರಳಡಿಯ ಗಂಗೆದೊಗಲು ಸವರಿದ. "ಲೆಕ್ಕ ಬಾರದ ಪರಪ್ಪ, ಅಂದ್ರಂತ. ಅದನ್ನ ಕಟ್ಟಾಕ ನಮ್ಮಪ್ಪಗ ಮನಸಾಗಲಿಲ್ಲ. ಖಾಲಿ ಬಿಟ್ಟ. ಆದ್ರ ಒಂದು ಮಾತು ಹೇಳ್ತೇನ್ರಿ. ಖಾಲಿ ಹೆಸರು ಬಾಳ ದಿನ ನಿಲ್ಲಂಗಿಲ್ಲ. ಬಾಯಿಗೆ ಹಿಡಿಯಾಕ ಏನರ ಬೇಕಲ್ರಿ. ನನ್ನ ಮಗ ಹೇಳೂ ಕಾಲಕ್ಕ ನಾಗಪ್ಪನಿಂದ ಸೀದಾ ನಿಮ್ಮ ಹೆಸರಿಗೆ ಹಾರತಾನ."

ಲೆಕ್ಕ ಬಾರದ ಪರಪ್ಪ ಎಂಬ ಮಾತು ಪೇಟೆಯಲ್ಲಿ ಹುಟ್ಟಿದ್ದಲ್ಲ. ಈರಸಂಗಪ್ಪನ ಬಾಯಲ್ಲೇ ಹುಟ್ಟಿದ್ದು.

ಪರಪ್ಪ ಖಣದ ಗಂಟನ್ನು ಎತ್ತಿನ ಮೇಲೆ ಹೇರಿಕೊಂಡು ಹಳ್ಳಿ ಹಳ್ಳಿ ತಿರುಗಿ ಮಾರುತ್ತಿದ್ದ. ತಿರುಗಿ ಬಂದ ಮೇಲೆ ಗಂಟು ಬಿಚ್ಚಿ, ಹೋದ ಮಾಲು, ಉಳಿದ ಮಾಲು ಎಣಿಸುವುದು ಈರಸಂಗಪ್ಪನ ಕೆಲಸ. ಪ್ರತಿ ಸಲವೂ ಒಂದು ಖಣ ಕಡಿಮೆ ಬೀಳುತ್ತಿತ್ತು. ನಾಗರಪಂಚಮಿಯ ಮುಂದೆ ಎರಡು. "ಎಲ್ಲಿ ಹೋತಪ್ಪ?" ಅಂದರೆ ಪರಪ್ಪ ರುಮಾಲು ಬಿಚ್ಚುತ್ತ, "ಎಲ್ಲೋ ಬಿತ್ತು" ಅನ್ನುತ್ತಿದ್ದ. ಬಿಗಿಯಾಗಿ ಕಟ್ಟಿದ ಗಂಟಿನಿಂದ ಅದು ಹೇಗೆ ಬೀಳುತ್ತದೋ ಹುಡುಗನಿಗೆ ತಿಳಿಯಲಿಲ್ಲ. ಮೀಸೆ ಬಂದ ಮೇಲೆ ಅವನು ಪೇಟೆಯಲ್ಲಿ ಅಂಗಡಿ ಹಿಡಿದ. ಅಪ್ಪನ ತಿರುಗುವ ವ್ಯಾಪಾರ ನಿಲ್ಲಿಸಿದ. "ನಮ್ಮಪ್ಪಗ ಲೆಕ್ಕ ಬರಂಗಿಲ್ಲ, ಅದಕ ಮನ್ಯಾಗ ಕುಂದ್ರಿಸೇನಿ" ಎಂದು ನಾಲ್ಕು ಮಂದಿಯ ಮುಂದೆ ನಕ್ಕ. ಅವರೂ ನಕ್ಕರು. ಮಾತು ಮಾತ್ರ ಪೇಟೆಯಲ್ಲೇ ಉಳಿಯಿತು.

"ನೀ ಯಾವ ಕಡೆ ಹೊಂಟಿ?" ಎಂದು ಸಿದರಾಯನನ್ನು ಕೇಳಿದ.

"ಹಳ್ಳದ ಸಾಲಿನ ಊರಿಗ್ರಿ. ನಿಮ್ಮಪ್ಪನ ದಾರೀನೇ ಅದು."

"ನಾನೂ ಬರತೇನಿ."

ಸೊಸೆ ಅಂಗಡಿಯಿಂದ ಓಡಿ ಬಂದಳು. "ಮಾವಾರ, ಈ ವಯಸ್ಸಿನ್ಯಾಗ ಚಕ್ಕಡಿ ಯಾಕ್ರಿ? ಜೀಪು ತರಸ್ತೇನಿ."

"ಬ್ಯಾಡ್ರಿ ಅಕ್ಕಾರ," ಅಂದ ಸಿದರಾಯ. "ಎತ್ತಿನ ಗಂಟಿ ಕೇಳಿದ್ರ ಮುದುಕರು ಹೊರಗ ಬರ್ತಾರ. ಜೀಪು ಕೇಳಿದ್ರ ಸಾಲ ವಸೂಲಿಗೆ ಬಂದಾರಂತ ಒಳಗ ಹೋಗ್ತಾರ."

ಗಾಡಿ ಹೊರಟಿತು. ದಾರಿಯುದ್ದಕ್ಕೂ ಈರಸಂಗಪ್ಪನ ವಯಸ್ಸುಗಳು ಒಂದೊಂದಾಗಿ ಸಿಕ್ಕವು. ಹುಣಸೆ ಮರ ಬಂತು. ಅದರ ನೆರಳಲ್ಲಿ ಸಣ್ಣವನಿದ್ದಾಗ ಗಂಟಿನ ಮೇಲೆ ತಲೆ ಇಟ್ಟು ಮಲಗಿದ್ದ; ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ, ಅಪ್ಪ ರೊಟ್ಟಿ ಮುರಿದು ಕೊಟ್ಟದ್ದು. ಹಳ್ಳದ ಸೇತುವೆ ಬಂತು. ಅಲ್ಲಿ ಅಪ್ಪನಿಗೆ, "ನಾಳಿಯಿಂದ ನೀ ತಿರುಗೋದು ಬ್ಯಾಡ" ಎಂದಿದ್ದ. ಅಪ್ಪ ಎತ್ತಿಗೆ ನೀರು ಕುಡಿಸಿದ್ದ. ಅಲ್ಲಿಂದ ಮುಂದಿನ ನಡುಹರೆಯ ಎಷ್ಟು ಹುಡುಕಿದರೂ ಕೈಗೆ ಸಿಗಲಿಲ್ಲ. ಆ ವರ್ಷಗಳನ್ನೆಲ್ಲ ಅಂಗಡಿಯಲ್ಲೇ ಕಳೆದಿದ್ದ, ರಸ್ತೆಯ ಮೇಲೆ ಅವುಗಳ ಗುರುತೇ ಇರಲಿಲ್ಲ. ಮತ್ತೊಮ್ಮೆ ಆ ಹುಣಸೆಯ ನೆರಳಲ್ಲಿ ಅಪ್ಪನ ಪಕ್ಕ ಕೂಡಲು ಸಿಕ್ಕರೆ ಈಗ ಏನು ಬೇಕಾದರೂ ಕೊಟ್ಟಾನು. ಅದನ್ನು ಮಾರುವ ಅಂಗಡಿ ಎಲ್ಲಿಯೂ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು?

ಮೊದಲ ಊರಲ್ಲಿ ಪರಪ್ಪನ ಹೆಸರು ಕೇಳಿದವರೇ ಇರಲಿಲ್ಲ. ಎರಡನೆಯ ಊರಲ್ಲಿ ಒಬ್ಬ ಮುದುಕ ಬಹಳ ಹೊತ್ತು ತಲೆ ಕೆರೆದುಕೊಂಡು, "ಮನಷ್ಯಾ ನೆನಪಿಲ್ಲ. ಎತ್ತು ನೆನಪೈತಿ. ಒಂದು ಕೋಡು ಸೊಟ್ಟ. ಎಂಥಾ ಸಂಭಾವಿತ ಎತ್ತು ರೀ ಅದು" ಅಂದ.

ಗಾಡಿ ಏರುತ್ತ ಸಿದರಾಯ ಅಂದ, "ಎತ್ತಿನ ವಂಶಾವಳಿ ಹೇಳೋದಿದ್ರ ಈ ಮಾತು ಚಲೋ ಇತ್ರಿ."

"ಸುಮ್ನ ಗಾಡಿ ಹೊಡಿ."

ಮೂರನೆಯ ಊರು ಮುಳ್ಳೂರು. ಗಂಟೆಯ ಸದ್ದಿಗೆ ಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದ ಹಣ್ಣುಹಣ್ಣು ಮುದುಕಿಯೊಬ್ಬಳು ತಲೆ ಎತ್ತಿದಳು. ಹೆಸರು ತಿಪ್ಪವ್ವ. ಕಣ್ಣು ಮಂಜಾಗಿತ್ತು.

"ಯವ್ವಾ," ಅಂದ ಸಿದರಾಯ, "ಖಣದ ಪರಪ್ಪ ಅಂತ ಒಬ್ಬಾಂವ ಬರತಿದ್ದ. ನೆನಪೈತೇನು?"

"ಯಾರು ಕೇಳಾಕತ್ತಾರ?"

"ಅವನ ಮಗ ಬಂದಾನ."

ಮುದುಕಿ ಗಾಳಿಯಲ್ಲಿ ಕೈ ಚಾಚಿ ಈರಸಂಗಪ್ಪನ ಮುಂಗೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡಳು. "ನೀನೇನು ಆ ಎಣಿಸೋ ಹುಡುಗ?"

"ಹೌದವ್ವಾ," ಅಂದ ಈರಸಂಗಪ್ಪ.

"ನಾ ಈ ಊರಿಗೆ ಸೊಸಿಯಾಗಿ ಬಂದ ವರ್ಷ ನಮ್ಮವ್ವ ತೀರಿಕೊಂಡ್ಲು," ಅಂದಳು ತಿಪ್ಪವ್ವ. "ಅಪ್ಪ ಮೊದಲ ಹೋಗಿದ್ದ. ಅಣ್ಣತಮ್ಮರಿಲ್ಲ, ಒಬ್ಬಾಕಿ ಸಣ್ಣ ತಂಗಿ ಅಷ್ಟ. ಪಂಚಮಿ ಬಂತು. ಓಣ್ಯಾಗಿನ ಸೊಸ್ತ್ಯಾರನ್ನೆಲ್ಲ ತವರಿನವರು ಬಂದು ಕರಕೊಂಡು ಹ್ವಾದ್ರು. ಹ್ವಾಗದವರಿಗೆ ತವರಿಂದ ಖಣಾ ಬಂತು. ನಾ ಬಾವಿಗೆ ಹೋಗಾಕೂ ನಾಚಿಕೊಂಡು ಒಳಗ ಕುಂತಿದ್ದೆ. ನಿಮ್ಮಪ್ಪ ಬಾಗಿಲದಾಗ ನಿಂತು, ಎಲ್ಲಾರಿಗೂ ಕೇಳೋಹಂಗ ಕೂಗಿ ಹೇಳಿದ. ತಿಪ್ಪವ್ವಾ, ನಿಮ್ಮ ತವರಿಂದ ಖಣಾ ಕಳಿಸ್ಯಾರ, ತಗೋ ಅಂದ."

"ಯಾರು ಕಳಿಸಿದ್ರು?"

"ಕಳಸಾಕ ಯಾರಿದ್ರು ತಮ್ಮಾ? ನನಗ ಗೊತ್ತಿತ್ತು. ಅಂವಗ ಗೊತ್ತಿತ್ತು. ನಮ್ಮತ್ತಿಗೆ ಗೊತ್ತಿರಲಿಲ್ಲ, ತವರಿನ ಬಳಗದವರ್ಯಾರೋ ಅಂದ್ಕೊಂಡ್ಲು. ಅಷ್ಟ ಸಾಕಾಗಿತ್ತು." ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಪ್ರತಿ ವರ್ಷ ತಂದ. ನನ್ನಂಥಾಕಿ ಇನ್ನೊಬ್ಬಾಕಿ ಮುಂದಿನ ಊರಾಗ ಇದ್ಲಂತ, ಅಕಿಗೂ ಒಯ್ತಿದ್ದ. ಪಂಚಮಿ ಇಲ್ಲದಾಗೂ ಯಾರ ಮಡಿಲು ಖಾಲಿ ಕಂಡ್ರೂ ಸುಮ್ನ ಹೋಗಾಂವಲ್ಲ. ಒಮ್ಮೆ ಕೇಳಿದೆ, ಮನ್ಯಾಗ ಏನ್ ಹೇಳ್ತಿಯಪ್ಪಾ ಅಂತ. ನನ್ನ ಮಗ ಬಾಳ ಶಾಣ್ಯಾ, ಎಣಿಸಿ ಹಿಡೀತಾನ, ಎಲ್ಲೋ ಬಿತ್ತು ಅಂತ ಹೇಳ್ತೀನಿ ಅಂದ. ನೀ ಶಾಣ್ಯಾ ಅನ್ನೋದು ಹೇಳುವಾಗ ಅವನ ಮಾರಿ ನೋಡಬೇಕಿತ್ತು."

ಈರಸಂಗಪ್ಪ ರುಮಾಲಿನ ಸೆರಗಿನಿಂದ ಮುಖ ಒರೆಸಿಕೊಂಡ. ನನಗ್ಯಾಕ ಹೇಳಲಿಲ್ಲ ಎಂದು ಅಪ್ಪನನ್ನು ಕೇಳಬೇಕೆನಿಸಿತು. ಉತ್ತರ ಅವನಿಗೇ ಗೊತ್ತಿತ್ತು. ಹೇಳಿದ್ದರೆ ಆ ಖಣವನ್ನೂ ನಿಲ್ಲಿಸುತ್ತಿದ್ದ.

"ಅಂವ ಬರೋದು ಬಿಟ್ಟ ಮ್ಯಾಲೂ ನಾ ನಿಮ್ಮ ಅಂಗಡಿ ಬಿಟ್ಟು ಬ್ಯಾರೆ ಯಾರ ಕಡೆನೂ ಖಣಾ ತಗೊಳ್ಳಲಿಲ್ಲ," ಅಂದಳು ತಿಪ್ಪವ್ವ. "ಈ ಓಣ್ಯಾಗ ತಗೊಳಾಕ ಬಿಡಲೂ ಇಲ್ಲ."

ಮುಳ್ಳೂರಿನ ಹೆಂಗಸರು ತನ್ನ ಅಂಗಡಿಗೇ ಬಂದು, ದರಕ್ಕೆ ಜಗ್ಗಾಡದೆ ಖಣ ಒಯ್ಯುವುದನ್ನು ಈರಸಂಗಪ್ಪ ಬಹಳ ವರ್ಷ ನೋಡಿದ್ದ. ಅದು ತನ್ನ ಅಂಗಡಿಯ ಹೆಸರಿಗೆ ಎಂದುಕೊಂಡಿದ್ದ.

ಸಿದರಾಯ ಎದ್ದು ನಿಂತು ನಿಧಾನವಾಗಿ ಹೇಳಿ ನೋಡಿದ. "ನಾಗಪ್ಪನ ಮಗ ಪರಪ್ಪ, ತವರಿಲ್ಲದಾಕಿಗೆ ತವರಿನ ಖಣಾ ತಂದಾಂವ." ಇನ್ನೊಮ್ಮೆ ಹೇಳಿದ. "ಕುಂತತು ನೋಡ್ರಿ. ಇದನ್ನ ನನ್ನ ಮರಿಮಗನೂ ಬಿಡಂಗಿಲ್ಲ."

ಬಂದ ಕೆಲಸ ಆಯಿತು. ಬೇಕಾದ್ದು ಕೈಗೆ ಬಂದ ಮೇಲೆ ಅಂಗಡಿ ಮುಚ್ಚಿ ಹೊರಡುವುದು ವ್ಯಾಪಾರಸ್ಥನ ರೂಢಿ. ಈರಸಂಗಪ್ಪ ಎದ್ದ. ಆಗ ತಿಪ್ಪವ್ವ ಅವನ ಅಂಗಿಯ ಚುಂಗು ಹಿಡಿದಳು.

"ಹೊಳಿದಂಡಿಗೆ ಹೋಗ್ತೀರೇನು? ನನ್ನ ತಂಗಿ ನಿಂಬೆವ್ವ ಅದಾಳ ಅಲ್ಲಿ. ಅಕ್ಕ ಗಟ್ಟಿ ಅದಾಳ, ನಿನ್ನ ನೆನಸ್ತಾಳ ಅಂತ ಹೇಳ್ರಿ."

ಹೊಳಿದಂಡಿ ಎಂಬ ಊರು ಮನೆಯ ದಾರಿಯಲ್ಲಿರಲಿಲ್ಲ. ಪೂರ್ತಿ ಎದುರು ದಿಕ್ಕು. ಈರಸಂಗಪ್ಪನ ಸೊಂಟ ಆಗಲೇ ಹಿಡಿದುಕೊಂಡಿತ್ತು. "ಯವ್ವಾ, ಫೋನ್ ಹಚ್ಚಿ ಕೊಡ್ತೀನಿ, ಈಗ ಮಾತಾಡ್ರಿ."

"ಫೋನಿನ್ಯಾಗ ಅಕಿಗೆ ಕೇಳ್ಸಂಗಿಲ್ಲೋ ತಮ್ಮಾ. ಅಕಿ ಮಗ ಎತ್ತತಾನ, ಅರಾಮದಾಳ ಅಂತಾನ, ಇಡ್ತಾನ. ಅರಾಮ ಅನ್ನೋದು ಸುದ್ದಿ ಏನು?"

ಸಿದರಾಯ ಹಗ್ಗ ಹಿಡಿದು, ಎತ್ತನ್ನು ಯಾವ ಕಡೆ ತಿರುಗಿಸಲಿ ಎಂದು ಕಾದು ನಿಂತ. ಈರಸಂಗಪ್ಪ ಮನೆಯ ದಾರಿ ನೋಡಿದ. ಈ ದಾರಿಯಲ್ಲಿ ಅಪ್ಪ ಎತ್ತನ್ನು ಎಷ್ಟು ಸಲ ಹೀಗೆ ಅಡ್ಡದಾರಿಗೆ ತಿರುಗಿಸಿರಬಹುದು ಎಂದು ಯೋಚಿಸಿದ. ಅದನ್ನು ಎಣಿಸಲು ಬರುವಂತಿರಲಿಲ್ಲ.

"ಹೊಳಿದಂಡಿಗೆ ನಡಿ," ಅಂದ.

ಹೊಳಿದಂಡಿಯ ಊರಬಾಗಿಲಾದ ಅಗಸಿಯ ಹತ್ತಿರ ಒಂದು ಸಣ್ಣ ಬಟ್ಟೆ ಅಂಗಡಿ ಇತ್ತು. ಈರಸಂಗಪ್ಪ ಇಳಿದು ಒಂದು ಖಣ ಆರಿಸಿದ, ಬದನೆಕಾಯಿ ಬಣ್ಣ, ಅಂಚಿಗೆ ಕೆಂಪು ದಡಿ. ಜನ್ಮದಲ್ಲಿ ಮೊದಲ ಸಲ ಚಿಲ್ಲರೆ ದರಕ್ಕೆ ಖಣ ಕೊಳ್ಳುತ್ತಿದ್ದ. ತನ್ನದೇ ಮಾಲು ಎಂದು ದಡಿ ನೋಡಿ ಗೊತ್ತಾಯಿತು. ಆದರೂ ರೂಢಿಯ ಬಲದಿಂದ ಚೌಕಾಸಿ ಮಾಡಿದ. ಅಂಗಡಿಯವನು, "ಅಜ್ಜಾರ, ಗುಳೇದಗುಡ್ಡದ ಅಸಲಿ ಮಾಲು, ನಿಮಗ ಇದರಾಗ ತಿಳ್ಯಾಂಗಿಲ್ಲ ಬಿಡ್ರಿ" ಅಂದ. ಸಿದರಾಯ ಮುಖ ಆಚೆ ತಿರುಗಿಸಿ ನಕ್ಕ.

ನಿಂಬೆವ್ವ ಹಿತ್ತಲಲ್ಲಿ ಬಿಸಿಲು ಕಾಯುತ್ತ ಕುಳಿತಿದ್ದಳು. ಕಿವಿಯ ಹತ್ತಿರ ಬಾಯಿ ಇಟ್ಟು ಈರಸಂಗಪ್ಪ ಕೂಗಿದ. "ನಿಮ್ಮಕ್ಕ ತಿಪ್ಪವ್ವ ಗಟ್ಟಿ ಅದಾಳ. ನಿಮ್ಮನ್ನ ನೆನಸ್ತಾಳ. ಈ ಖಣಾ ಕಳಿಸ್ಯಾಳ."

ಮುದುಕಿ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಬಿಚ್ಚಿ ಬೆಳಕಿಗೆ ಹಿಡಿದಳು. "ನಮ್ಮಕ್ಕಗ ಕಣ್ಣು ಕಾಣಂಗಿಲ್ಲಲ್ಲೋ ಯಪ್ಪಾ. ಇಷ್ಟು ಚಂದ ಬಣ್ಣ ಯಾರು ಆರಿಸಿದ್ರು?"

"ಅದು ನನಗೇನ ಗೊತ್ತವ್ವಾ? ನಾ ತರಾಂವ ಅಷ್ಟ."

ನಿಂಬೆವ್ವ ಅವನ ಮುಖವನ್ನೇ ನೋಡಿದಳು. ಒಳಗಿಂದ ಒಂದು ಗಂಟು ಶೇಂಗಾ ತಂದು, "ಇದನ್ನ ಅಕ್ಕಗ ಮುಟ್ಟಸು" ಅಂದಳು. ಹೀಗಾಗಿ ಗಾಡಿ ಮತ್ತೆ ಮುಳ್ಳೂರಿಗೆ ಹೋಗಬೇಕಾಯಿತು.

ಆಮೇಲೆ ಈರಸಂಗಪ್ಪ ಪಡಸಾಲೆಯಲ್ಲಿ ಕೂಡುವುದು ಕಡಿಮೆಯಾಯಿತು. ಪಂಚಮಿ ಹತ್ತಿರ ಬಂದರೆ ಅಂಗಡಿಯ ಮಾಲಿನಲ್ಲಿ ಖಣ ಕಡಿಮೆ ಬೀಳುತ್ತಿದ್ದವು. "ಮಾವಾರ, ಎಲ್ಲಿ ಹ್ವಾದವ್ರಿ?" ಎಂದು ಸೊಸೆ ಕೇಳಿದರೆ, "ಎಲ್ಲೋ ಬಿದ್ದಾವ" ಅನ್ನುತ್ತಿದ್ದ. ಸೊಸೆ ಅವನಿಗಿಂತ ಚುರುಕು ಎಂದು ಮೊದಲೇ ಹೇಳಿದ್ದೇನೆ. ಅವಳು ಮುಂದಿನ ಪಂಚಮಿಗೆ ನಾಲ್ಕು ಖಣ ಬೇರೆ ಎತ್ತಿಟ್ಟು, ಎಣಿಸದೆ ಬಿಟ್ಟಳು.

ಕೆಲವು ವರ್ಷದ ಮೇಲೆ ಸಿದರಾಯ ಮತ್ತೆ ಬಂದ. ಮೂಲಪುರುಷನಿಂದ ಹೇಳುತ್ತ ಬಂದ. ಪರಪ್ಪನ ಹೆಸರು ಬಂದಾಗ ಈರಸಂಗಪ್ಪ ಕಂಬ ಬಿಟ್ಟು ನೆಟ್ಟಗೆ ಕುಳಿತು, ತವರಿನ ಖಣದ ಮಾತನ್ನು ತಾನೂ ತುಟಿಯಲ್ಲೇ ಅಂದುಕೊಂಡ.

"ಪರಪ್ಪನ ಮಗ ಈರಸಂಗಪ್ಪ," ಎಂದು ಸಿದರಾಯ ನಿಲ್ಲಿಸಿ ಕಣ್ಣು ತೆರೆದ. "ಸಾವ್ಕಾರ್ರ, ನಿಮ್ಮ ಹೆಸರಿಗೂ ಹೊರಗಿನವರು ಒಂದು ಮಾತು ಹೇಳ್ಯಾರ. ನೀವು ಇರೂತನಕ ಕಟ್ಟಂಗಿಲ್ಲ. ಆದ್ರ ಕೇಳ್ತೀರಂದ್ರ ಹೇಳ್ತೀನಿ."

ಈರಸಂಗಪ್ಪನಿಗೆ ಕೇಳುವ ಆಸೆ ಬಹಳ ಇತ್ತು. ಕೈ ಎತ್ತಿ ತಡೆದ.

"ಬ್ಯಾಡ. ನಾ ವ್ಯಾಪಾರಸ್ಥ. ಕೇಳಿದ್ರ ನಾಳಿಂದ ಅದಕ್ಕೂ ಒಂದು ದರಾ ಕಟ್ತೀನಿ."

ನೀತಿ: ಹಿರಿಯರ ಹೆಸರು ತಿಳಿದರೆ ವಂಶ ತಿಳಿದಂತಾಗಲಿಲ್ಲ, ಅವರು ಬಿಟ್ಟುಹೋದ ಒಳ್ಳೆಯ ಕೆಲಸವನ್ನು ಕೈಗೆತ್ತಿಕೊಂಡವನೇ ಅವರ ವಾರಸುದಾರ. ಮನೆಯ ಎಣಿಕೆಯಲ್ಲಿ ಕಡಿಮೆ ಬಿದ್ದದ್ದು ಯಾರ ಮಡಿಲು ಸೇರಿತು ಎಂದು ವಿಚಾರಿಸುವ ಮೊದಲು ಹೆತ್ತವರನ್ನು ದಡ್ಡರೆನ್ನಬೇಡಿ. ವಿಚಾರಿಸುವುದಿದ್ದರೆ ಅವರು ಎದುರಿಗಿರುವಾಗಲೇ ವಿಚಾರಿಸಿ. ಆಮೇಲೆ ಊರೂರು ತಿರುಗಬೇಕಾಗುತ್ತದೆ.