ಗುರುವಿನ ಮಾರು

ಸಾವಿರದ ಇನ್ನೂರು ಮುಡಿ ಅಕ್ಕಿ, ಮೂರು ಹಡಗು. ಹೊಳೆ ಕಡಲು ಸೇರುವ ಅಳಿವೆಯ ಒಳಗೇ ಸಿಕ್ಕಿಬಿದ್ದಿದ್ದವು.

ಮಳೆಗಾಲದಲ್ಲಿ ಅಳಿವೆಯಾಚೆ ಸಮುದ್ರದ ತಳದ ಮರಳು ಜಾಗ ಬದಲಿಸಿತ್ತು. ತುಂಬಿದ ಹಡಗಿಗೆ ಮೂರು ಮಾರು ನೀರು ಬೇಕು. ಅದೆಲ್ಲಿದೆಯೆಂದು ಅಳೆದು ಹೇಳುವವನೂ ಬೇಕು.

ಅಕ್ಕಿಯ ಒಡೆಯ ಪದುಮ ಶೆಟ್ಟರು ನೇರ ದುರ್ಗಪ್ಪ ಮೊಗೇರರ ದೋಣಿಮನೆಗೆ ಬಂದರು. ಆ ಕರಾವಳಿಯಲ್ಲಿ ನೀರಿನ ಆಳ ಅಳೆಯಲು ಕಲಿಸುವ ಗುರು ಅವರೊಬ್ಬರೇ. ಅವರು ತಾಮ್ರದ ಉಂಗುರ ತೊಡಿಸಿದವನ ಮಾತು ನಂಬಿ ಹಡಗು ಬಿಡಬಹುದು. ಉಂಗುರವಿಲ್ಲದವನ ಮಾತಿಗೆ ಶೆಟ್ಟರು ಪಾತಿದೋಣಿಯನ್ನೂ ಬಿಡುವವರಲ್ಲ.

"ನನಗೆ ಕಣ್ಣು ಸಾಲದು. ಶಿಷ್ಯ ಜಟ್ಟಪ್ಪ ಹೋಗ್ತಾನೆ," ಎಂದರು ಗುರು.

"ಅವನ ಬೆರಳಲ್ಲಿ ಉಂಗುರ ಕಾಣಲಿಲ್ಲ."

"ಒಂಬತ್ತು ವರ್ಷ ಕಲಿತಿದ್ದಾನೆ. ಇವತ್ತು ಸರಿಯಾಗಿ ಅಳೆದು ಬಂದ್ರೆ ತೊಡಿಸ್ತೇನೆ."

"ಪರೀಕ್ಷೆಗೆ ನನ್ನ ಅಕ್ಕಿಯೇ ಬೇಕಿತ್ತಾ?"

ಗುರು ನಕ್ಕು ಶಿಷ್ಯನಿಗೆ ಹೊಸ ಹಗ್ಗ ಕೊಟ್ಟರು. ತುದಿಗೆ ಸೀಸದ ಗುಂಡು, ಮಾರಿಗೊಂದು ಗಂಟು. ವಾಡಿಕೆಯಂತೆ ಎರಡೂ ತೋಳು ಚಾಚಿ, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಹಗ್ಗ ಎಳೆದು ಗುರು ತಾವೇ ಹಾಕಿದ ಗಂಟುಗಳು.

ಜಟ್ಟಪ್ಪ ಹಗ್ಗವನ್ನು ಕಣ್ಣಿಗೊತ್ತಿಕೊಂಡ. ಆದರೆ ದೋಣಿಯತ್ತ ಹೋಗಲಿಲ್ಲ.

ಗೋಡೆಗೆ ಬಡಿದ ಸಾಗುವಾನಿ ಹಲಗೆಯಲ್ಲಿ ಎರಡು ಹಳೆಯ ಕಚ್ಚುಗಳಿದ್ದವು. ಗುರು ಪ್ರಾಯದಲ್ಲಿ ತಮ್ಮ ಮಾರು ಅಳೆದು ಉಳಿಯಿಂದ ಹೊಡೆದದ್ದು. ಜಟ್ಟಪ್ಪ ಎರಡು ಗಂಟು ಹಿಡಿದು ಕಚ್ಚುಗಳಿಗೆ ಹೊಂದಿಸಿ ನೋಡಿದ. ಮತ್ತೊಮ್ಮೆ ನೋಡಿದ.

"ಗುರುಗಳೇ, ಈ ಹಗ್ಗ ಹಿಡಿದು ನಾನು ಹೋಗೋದಿಲ್ಲ."

"ಯಾಕೋ?"

"ಮಾರಿಗೆ ನಾಲ್ಕು ಬೆರಳು ಕಮ್ಮಿ."

ಹೋಯ್ತು ಇವನ ಉಂಗುರ, ಎಂದುಕೊಂಡರು ಶೆಟ್ಟರು. ಅವರ ಅಂಗಡಿಯಲ್ಲಿ ಯಾವ ಗುಮಾಸ್ತನೂ ಗಿರಾಕಿಯೆದುರು ಧಣಿಯ ತಕ್ಕಡಿಗೆ ಬೆರಳು ತೋರಿಸಿದ್ದಿಲ್ಲ.

"ನನ್ನ ಮಾರೇ ಅಳತೆ. ಗೊತ್ತುಂಟಲ್ಲ?" ಎಂದರು ಗುರು.

"ನನಗೆ ಗೊತ್ತುಂಟು. ಮರಳಿಗೆ ಗೊತ್ತಿಲ್ಲವಲ್ಲ, ಗುರುಗಳೇ."

ಗುರು ಎದ್ದರು. ಹಲಗೆಗೆ ಬೆನ್ನು ಕೊಟ್ಟು ತೋಳು ಚಾಚಿದರು. ಎಡಗೈ ಬೆರಳು ಕಚ್ಚಿಗೆ ಮುಟ್ಟಿತು. ಬಲಗೈಯದು ನಾಲ್ಕು ಬೆರಳು ಈಚೆಗೇ ನಿಂತಿತು. ಇನ್ನಷ್ಟು ಎಳೆದರು. ಮೊಣಕೈ ನೆಟ್ಟಗಾಗಲಿಲ್ಲ.

ಶೆಟ್ಟರು ಮುಖ ತಿರುಗಿಸಿದರು.

ಗುರು ಕುಳಿತು ಎಲ್ಲ ಗಂಟುಗಳನ್ನೂ ಬಿಚ್ಚಿದರು. ಹಗ್ಗವನ್ನು ಹಲಗೆಯ ಕಚ್ಚುಗಳಿಗೆ ಎಳೆದೆಳೆದು ಗಂಟುಗಳನ್ನು ಹೊಸದಾಗಿ ಹಾಕಿದರು. ಆಮೇಲೆ ಹೇಳಿದರು:

"ಈಗ ಹೋಗು."

ಸಂಜೆ ಜಟ್ಟಪ್ಪ ಮರಳಿದ.

"ತೆಂಕಣ ದಾರೀಲಿ ಮೂರು ಮಾರಿಗೆ ಹನ್ನೊಂದು ಬೆರಳು ಕಮ್ಮಿ ಉಂಟು, ಶೆಟ್ರೇ. ಹಳೇ ಗಂಟಲ್ಲಿ ಅಳೆದಿದ್ರೆ ಮೂರು ತುಂಬಿಯೇ ಬರ್ತಿತ್ತು. ಬಡಗಣ ದಾರೀಲಿ ಮೂರೂವರೆ. ಸುತ್ತು, ಆದ್ರೆ ಹಡಗು ತಳ ಮುಟ್ಟೋದಿಲ್ಲ."

ಮರುದಿನ ಮೂರೂ ಹಡಗು ಬಡಗಣ ದಾರಿಯಲ್ಲಿ ಕಡಲಿಗಿಳಿದವು. ಒಂದಕ್ಕೂ ಮರಳು ತಾಗಲಿಲ್ಲ.

ಗುರು ಉಂಗುರ ಹಿಡಿದು ಶಿಷ್ಯನನ್ನು ಕರೆದರು.

"ನಿನ್ನ ತೋಳೂ ಒಂದು ದಿನ ಮಡಚಿಕೊಳ್ತದೆ. ಅವತ್ತು ಅದನ್ನ ಗಿರಾಕಿಯೆದುರೇ ಹೇಳೋ ಅಂಥವನೊಬ್ಬನನ್ನ ಈಗಿಂದ್ಲೇ ತಯಾರು ಮಾಡು," ಎಂದು ತೊಡಿಸಿದರು.

ಶೆಟ್ಟರಿಗೆ ತಡೆಯಲಾಗಲಿಲ್ಲ.

"ದುರ್ಗಪ್ಪನೋರೆ, ನನಗೆ ಸಾವಿರದಿನ್ನೂರು ಮುಡಿ ಉಳೀತು. ಇವನಿಗೆ ಉಂಗುರ ಆಯ್ತು. ನಿಮಗೇನು ಸಿಕ್ತು?"

"ನಾಲ್ಕು ಬೆರಳು, ಶೆಟ್ರೇ. ಕಳೆದದ್ದೇ ನನಗೆ ಗೊತ್ತಿರಲಿಲ್ಲ."